ರಾತ್ರಿ ಪಾಳಿಯ ಕರೆಂಟು

ಪ್ರೀತಿಯ ತಂಗೀ,

ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಎ.ಸಿ. ಚಳಿಗೆ ಸ್ವೆಟರ್ ಹಾಕಿಕೊಂಡು ಕೂಡುತ್ತೀಯಂತೆ. ಚಿಗವ್ವ ಫೋನಿನಲ್ಲಿ ಹೇಳಿ ನಕ್ಕಳು. ಇಲ್ಲಿ ಜುನ್ನರದ ಚಳಿಗೆ ನಿನ್ನ ಆ ಸ್ವೆಟರ್ ಏನೂ ಸಾಲದು ನೋಡು. ಅವ್ವ ಹೊಲಿದುಕೊಟ್ಟ ಕೌದಿಯ ಮೇಲೆ ಅತ್ತೆಯವರದೂ ಒಂದು ಹೊದ್ದರೂ ಬೆಳಗಿನ ಜಾವ ಕಾಲು ಬೆಚ್ಚಗಾಗುವುದಿಲ್ಲ.

“ಬೇಗ ಉಂಡು ಬೇಗ ಮಲಗುತ್ತೀರಿ, ನಿಮ್ಮದೇ ಆರಾಮ ಅಕ್ಕಾ” ಅಂತ ಬರೆದಿದ್ದೀಯಲ್ಲ, ಓದಿ ನಿನ್ನ ಭಾವ ಬಿದ್ದು ಬಿದ್ದು ನಕ್ಕರು. ನಮ್ಮ ಮನೆ ಏಳುವುದೂ ಮಲಗುವುದೂ ಪಂಪ್‌ಸೆಟ್ಟಿನ ಮರ್ಜಿ. ಹೊಲದ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೆಲವು ದಿನ ಹಗಲು ಬಂದರೆ ಉಳಿದ ದಿನ ರಾತ್ರಿ. ಈಗ ರಾತ್ರಿ ಪಾಳಿ ನಡೆದಿದೆ. ಉಳ್ಳಾಗಡ್ಡಿ ಸಸಿ ಹಚ್ಚಿ ಇನ್ನೂ ಬೇರು ಹಿಡಿಯಬೇಕು, ಗೋಧಿಗೂ ನೀರಿನ ಹೊತ್ತು. ಚಳಿ ಅಂತ ಬಿಟ್ಟರೆ ಬೆಳೆ ಕೇಳುತ್ತದೆಯೇ? ಊರೆಲ್ಲ ಮಲಗಿದ ಮೇಲೆ ನಾವಿಬ್ಬರೂ ತಲೆಗೆ ಮಫ್ಲರ್ ಸುತ್ತಿ, ಬ್ಯಾಟರಿ, ಸಲಿಕೆ ಹಿಡಿದು ಹೊರಡುತ್ತೇವೆ.

ಬಾವಿಯ ನೀರು ಚಳಿಗಾಲದ ರಾತ್ರಿ ಬೆಚ್ಚಗಿರುತ್ತದೆ, ಗೊತ್ತೇನು? ಪೈಪಿನ ಬಾಯಿಯ ಹತ್ತಿರ ಬ್ಯಾಟರಿ ಬಿಟ್ಟರೆ ಹಬೆ ಏಳುವುದು ಕಾಣುತ್ತದೆ. ಅಲ್ಲಿ ಬರಿಗಾಲಲ್ಲಿ ನಿಂತರೆ ಪಾದಕ್ಕೆ ಎಷ್ಟು ಹಿತ! ಅದೇ ನೀರು ಹೊಲದ ಕೊನೆ ಮುಟ್ಟುವಷ್ಟರಲ್ಲಿ ತಣ್ಣಗೆ ಕೊರೆಯುತ್ತದೆ. ಹಾಗಾಗಿ ಪೈಪಿನ ಹತ್ತಿರದ ಮಡಿಗಳು ನನ್ನ ಪಾಲು, ಕೊನೆಯವು ನಿನ್ನ ಭಾವನ ಪಾಲು. ಒಂದು ಮಡಿ ತುಂಬುತ್ತಲೇ ಸಲಿಕೆಯಿಂದ ಬದು ಕಡಿದು ಮುಂದಿನ ಮಡಿಗೆ ನೀರು ತಿರುಗಿಸಬೇಕು. ಅದು ತುಂಬುವ ತನಕ ಸುಮ್ಮನೆ ನಿಲ್ಲುವುದೇ ಕೆಲಸ.

ಒಬ್ಬರೇ ಹೋಗುವ ಮಾತಿಲ್ಲ. ಕಾರಣ ನಿನಗೆ ಗೊತ್ತೇ ಇದೆ, ಚಿರತೆ. ಮಾಣಿಕಡೋಹ ಸೇರಿ ಕುಕಡಿ ಯೋಜನೆಯ ಐದು ಅಣೆಕಟ್ಟುಗಳ ನೀರು ಈ ಕಡೆಗೆಲ್ಲ ಹರಿದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಚಿರತೆ ಬಂತು. ವರ್ಷದ ಮೇಲೂ ನಿಲ್ಲುವ ಬೆಳೆ. ಮರೆಯಿದೆ, ನೀರಿದೆ, ತಿನ್ನಲು ಊರ ನಾಯಿ, ಆಡು. ಮರಿ ಹಾಕುವುದೂ ಕಬ್ಬಿನಲ್ಲೇ. “ಹಿಡಿದು ದೂರದ ಕಾಡಿಗೆ ಬಿಡಬಾರದೇ?” ಅಂತ ನೀನು ಕೇಳಿದ್ದೆ. ಬಿಟ್ಟೂ ನೋಡಿದರು. ಅದಕ್ಕೆ ಮೊದಲು ಜುನ್ನರದಲ್ಲಿ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇತ್ತು, 2001ರಿಂದ ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವುದು ಜೋರಾದ ಮೇಲೆ 17ಕ್ಕೆ ಏರಿತು ಎಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಬರೆದಿದ್ದಾರೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅದಕ್ಕೂ ದಿಕ್ಕು ತಪ್ಪುತ್ತದೇನೋ.

ಮೊನ್ನೆ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವಾಗ ಮರಿಗಳು ಸಿಕ್ಕವು. ಕಣ್ಣು ಆಗಷ್ಟೇ ಬಿಟ್ಟಿದ್ದವು, ಬೆಕ್ಕಿನ ಮರಿಗಳೇ ಅನ್ನಬೇಕು. ಬೀಡದಿಂದ ಬಂದ ಗ್ಯಾಂಗಿನವರು ತಮ್ಮ ಕೊಯ್ತಾ ಕತ್ತಿಗಳನ್ನು ಕೆಳಗಿಟ್ಟು ದೂರ ಸರಿದರು. ಅವರಲ್ಲೊಬ್ಬಳು ಓಡಿಹೋಗಿ ಗಾಡಿಯ ನೆರಳಲ್ಲಿ ಮಲಗಿಸಿದ್ದ ತನ್ನ ಕೂಸನ್ನು ಎತ್ತಿಕೊಂಡಳು, ಸಂಜೆಯ ತನಕ ಕಂಕುಳಿಂದ ಇಳಿಸಲಿಲ್ಲ. ಅರಣ್ಯದವರು, ಮಾಣಿಕಡೋಹದ ಚಿರತೆ ಕೇಂದ್ರದ ಡಾಕ್ಟರು ಬಂದು ಮರಿಗಳನ್ನು ನೋಡಿ, ಹೊತ್ತು ಮುಳುಗಿದ ಮೇಲೆ ಕ್ರೇಟಿನಲ್ಲಿಟ್ಟು ಸಿಕ್ಕ ಜಾಗದಲ್ಲೇ ಬಿಟ್ಟರು. ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಯಿತಂತೆ. ಸಮಾಧಾನವಾಯಿತು. ಹಿಂದೆಯೇ, ಹೋದದ್ದು ಎಲ್ಲಿಗೆ ಎಂಬ ಚಿಂತೆಯೂ ಹತ್ತಿತು. ಸುತ್ತಲಿನ ಕಬ್ಬೆಲ್ಲ ಕಟಾವಾಗಿದೆ, ನಮ್ಮದಿನ್ನೂ ನಿಂತಿದೆ!

ಹೆದರಬೇಡ. ಸದ್ದು ಮಾಡುತ್ತ ನಡೆದರೆ ಅದು ತಾನಾಗಿ ದೂರ ಸರಿಯುತ್ತದೆ ಅನ್ನುತ್ತಾರೆ. ನಿನ್ನ ಭಾವ ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡು ಗಟ್ಟಿಯಾಗಿ ಹಚ್ಚುತ್ತಾರೆ. “ಅಭಂಗ ಹಚ್ಚಬಾರದೇನೋ, ವಿಠೋಬನಾದರೂ ಕಾಯ್ದಾನು” ಅಂತ ಅತ್ತೆಯವರ ತಕರಾರು. ನಾವು ಮರಳುವ ತನಕ ಅವರು ಕಣ್ಣು ಮುಚ್ಚುವುದಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಮೋಟಾರಿನ ಸದ್ದಿಗೆ ಕಿವಿಗೊಟ್ಟಿರುತ್ತಾರೆ, ಅದು ನಿಂತಿತೆಂದರೆ ಎದ್ದು ಚಹಾಕ್ಕೆ ಇಡುತ್ತಾರೆ. ಮೊಣಕಾಲು ನೋವು, ಮಲಗಿರಿ ಅಂದರೆ ಕೇಳುವವರಲ್ಲ.

ಇನ್ನೊಂದು ಮಾತು ನಿನಗಷ್ಟೇ ಹೇಳುತ್ತೇನೆ. ಹಗಲು ನಮ್ಮಿಬ್ಬರ ನಡುವೆ ಮಾತೆಂದರೆ ಡೇರಿಗೆ ಹಾಲು ಹಾಕಿದಿರಾ, ಗೊಬ್ಬರ ತಂದಿರಾ, ಇಷ್ಟೇ. ಮಡಿ ತುಂಬುವುದನ್ನು ಕಾಯುತ್ತ ನಿಂತಾಗ ಮಾತ್ರ ಈ ಮನುಷ್ಯ ಬಾಯಿ ಬಿಡುತ್ತಾರೆ. ಸೊಸೈಟಿ ಸಾಲ, ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ದರ ಏನಾದೀತು, ಹತ್ತನೇ ಇಯತ್ತೆ ಮುಗಿಸಿ ಪುಣೆಗೇ ಹೋಗುತ್ತೇನೆ ಅನ್ನುವ ಮಗ. ಮೊನ್ನೆ ರಾತ್ರಿ ಇದ್ದಕ್ಕಿದ್ದಂತೆ, “ವಿಜಾಪುರ ಬಿಟ್ಟು ಬಂದು ನಿನಗೆ ಬೇಸರವಾಗಿಲ್ಲವಾ?” ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದು! ಎಳ್ಳಮಾವಾಸ್ಯೆಗೆ ಇಲ್ಲಿ ಯಾರೂ ಹೊಲಕ್ಕೆ ಚರಗ ಚೆಲ್ಲುವುದಿಲ್ಲ, ಅದೊಂದೇ ಬೇಸರ ಅಂದೆ. ಮುಂದಿನ ವರ್ಷ ಚೆಲ್ಲೋಣ, ಕಡುಬು ಮಾತ್ರ ನೀನೇ ಮಾಡಬೇಕು ಅಂದರು.

ಸೌರ ಪಂಪು ಬಂದರೆ ರಾತ್ರಿ ಪಾಳಿ ತಪ್ಪುತ್ತದೆ ಅಂತ ಊರವರೆಲ್ಲ ಅರ್ಜಿ ಹಾಕುತ್ತಿದ್ದಾರೆ. ನಾವೂ ಹಾಕಿದ್ದೇವೆ. ಜೀವ ಕೈಯಲ್ಲಿ ಹಿಡಿದು ಹೋಗುವುದು ಯಾರಿಗೆ ಬೇಕು? ಬರಲಿ, ನನಗೂ ನಿದ್ದೆಯಾದೀತು. ಆದರೆ ಆಮೇಲೆ ಇವರನ್ನು ಮಾತಿಗೆಳೆಯಲು ಬೇರೆ ಹೊತ್ತು ಹುಡುಕಬೇಕಲ್ಲ ಅನ್ನುವುದೊಂದೇ ನನ್ನ ಚಿಂತೆ.

ಇರಲಿ. ಭೋಗಿಗೆ ಬಂದುಬಿಡು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತೇನೆ. ಮನೆಯಷ್ಟಕ್ಕೆ ಬಿತ್ತಿದ ಜೋಳ ಹಾಲುಗಾಳಾಗಿದೆ. ಪ್ಲೇಟಿಗಿಷ್ಟು ಅಂತ ದುಡ್ಡು ಕೊಟ್ಟು ಹುರಡಾ ಪಾರ್ಟಿಗೆ ಹೋಗಬೇಡ. ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿದ ಬಿಸಿ ಸೀತನಿ, ಮೇಲೆ ಶೇಂಗಾ ಹಿಂಡಿ. ನಿನ್ನ ಪಾಲು ತೆಗೆದಿಟ್ಟಿದ್ದೇನೆ. ಖೋಡದದ ರೇಡಿಯೋ ದೂರದರ್ಶಕವನ್ನೂ ತೋರಿಸುತ್ತೇನೆ. 45 ಮೀಟರ್ ಅಗಲದ 30 ತಟ್ಟೆಗಳು ಅಷ್ಟು ದೂರದ ಆಕಾಶಕ್ಕೆ ಕಿವಿಗೊಟ್ಟಿವೆ, ನಿನಗೆ ಅಕ್ಕನ ಫೋನು ಎತ್ತಲಾಗುವುದಿಲ್ಲ!

ಚಾಕಣದ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳದಂತೆ ನಸುಕಿನಲ್ಲೇ ಬಸ್ ಹತ್ತು. ಅತ್ತೆಯವರಿಗೆ ಒಂದು ಮಂಡಿಪಟ್ಟಿ ತಾ. ರಾತ್ರಿ ನಮ್ಮ ಜೊತೆ ಹೊಲಕ್ಕೂ ಬಾ, ಮೊಬೈಲ್ ಹಾಡಿನ ಖರ್ಚು ಉಳಿಯುತ್ತದೆ. ನಿನ್ನ ಬಾಯಿ ಕೇಳಿದರೆ ಚಿರತೆ ಶಿವನೇರಿ ಕೋಟೆ ದಾಟಿ ಹೋದೀತು.

ನಿನ್ನ
ಅಕ್ಕ