ಮರಾಠಿ ಅಕ್ಷರದ ಬೆನ್ನಿಗೆ ಕನ್ನಡ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ಹಿರಿಯರು ಫೋರ್ಟಿನ ತುಂಬ ಇದ್ದರು. ಅವರ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ. ಕನ್ನಡ ಓದಲು ಬಾರದು. ಆಫೀಸುಗಳು ಮುಚ್ಚಿ ಫೋರ್ಟ್ ಮೌನವಾಗುವ ಭಾನುವಾರ ಇಂಥ ಕೆಲವು ಮಕ್ಕಳಿಗೆ ನಾನು ಅಕ್ಷರ ಹೇಳಿಕೊಡುತ್ತೇನೆ.

ಕನ್ನಡ ಮಾಧ್ಯಮದ ಶಾಲೆಗಳಿಗೆ ಪುಣೆಯ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಆದರೆ ಅವು ಕನ್ನಡ ಬಲ್ಲ ಮಕ್ಕಳಿಗಾಗಿ. ನಮ್ಮ ತರಗತಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮರಾಠಿ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯ, ಹಾಗಾಗಿ ಮಕ್ಕಳಿಗೆ ದೇವನಾಗರಿ ಗೊತ್ತು. ಕ, ಖ, ಗ, ಘ: ಅಲ್ಲೂ ಅದೇ ಸಾಲು, ಅದೇ ಸದ್ದು. ರಟ್ಟಿನ ಚೀಟಿಯ ಒಂದು ಬದಿಗೆ ಮರಾಠಿ ಅಕ್ಷರ, ಬೆನ್ನಿಗೆ ಕನ್ನಡದ್ದು. ಮಗು ಓದುತ್ತದೆ, ಚೀಟಿ ಮಗುಚುತ್ತದೆ, ಮತ್ತೆ ಓದುತ್ತದೆ.

ತಡವಾಗುವುದು ಎ-ಏ, ಒ-ಓಗಳಲ್ಲಿ. ಮರಾಠಿಯಲ್ಲಿ ಈ ಜೋಡಿಗಳಿಗೆ ಒಂದೊಂದೇ ಅಕ್ಷರ. ಅದಕ್ಕೆ ಬೆಳೆ-ಬೇಳೆ, ಕೊಡು-ಕೋಡು ಎಂಬ ಜೋಡಿಪದಗಳ ಆಟ; ದೀರ್ಘಕ್ಕೆ ಎರಡು ಚಪ್ಪಾಳೆ.

ಬೆಸ್ಟ್ ಬಸ್ಸಿನ ಹಣೆಯ ದೇವನಾಗರಿ ಅಂಕಿಯನ್ನು ಕನ್ನಡ ಅಂಕಿಯಲ್ಲಿ ಬರೆದು ತರುವುದು ಮನೆಗೆಲಸ. ಮರಾಠಿಯ ‘ತೂಪ್’ ನಮ್ಮ ತುಪ್ಪವೇ ಎಂದು ತಿಳಿದ ದಿನ ಮಕ್ಕಳು ಇನ್ನಷ್ಟು ಪದ ಹುಡುಕತೊಡಗಿದರು.

ಮರಾಠಿ ಕಲಿತರೆ ಕನ್ನಡ ಹೋದೀತು ಎಂದು ಹೆದರುವ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಅವರ ಕೈಗೂ ಒಂದು ಚೀಟಿ ಕೊಡುತ್ತೇನೆ: ಮಗುಚಿ ನೋಡಿ ಎನ್ನುತ್ತೇನೆ.