ವಿಸ್ಮಾರ್ ಪಟ್ಟಣವೂ ಒಂದು ಭಯಾನಕ ಚಿತ್ರದ ಜೀರ್ಣೋದ್ಧಾರವೂ

ಜರ್ಮನಿ ದೇಶದ ಉತ್ತರಭಾಗದಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಸಮೀಪವಾಗಿ, ಲೂಬೆಕ್ ಎಂತಲೂ ವಿಸ್ಮಾರ್ ಎಂತಲೂ ಎರಡು ಪುರಾತನ ವರ್ತಕನಗರಗಳಿವೆ. ಕೆಂಪು ಇಟ್ಟಿಗೆಯ ದೇವಾಲಯಗಳಿಗೂ ಕಡಿದಾದ ಮಾಡುಗಳುಳ್ಳ ಮನೆಗಳಿಗೂ ಇವು ಹೆಸರಾದುವು. ಈ ಬೀದಿಗಳಲ್ಲಿಯೇ ೧೯೨೧ರಲ್ಲಿ ಒಂದು ಪಿಶಾಚವು ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ನಡೆಯಿತು. ‘ನೊಸ್ಫೆರಾಟು’ ಎಂಬ ಮೂಕಚಿತ್ರವನ್ನು ನೋಡಿದವರಿಗೆ ಈ ಮಾತಿನ ಅರ್ಥವು ಕೂಡಲೆ ತಿಳಿಯುವುದು. ಆ ಚಿತ್ರದ ಸ್ಥಳಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ನಾವು ಮೊದಲು ಲೂಬೆಕಿಗೆ ಹೋದೆವು.

ಅಲ್ಲಿ ಟ್ರಾವೆ ನದಿಯ ತಡಿಯಲ್ಲಿ, ಹೋಲ್ಸ್ಟೆನ್ ಎಂಬ ಹೆಬ್ಬಾಗಿಲಿನ ಪಕ್ಕದಲ್ಲಿ, ಆರು ಉಪ್ಪಿನ ಉಗ್ರಾಣಗಳು ಒಂದಕ್ಕೊಂದು ಒತ್ತಿ ನಿಂತಿವೆ. ೧೫೭೯ರಿಂದ ೧೭೪೫ರ ವರೆಗೆ ಒಂದೊಂದಾಗಿ ಕಟ್ಟಿದವು. ಲೂನೆಬುರ್ಗಿನ ಉಪ್ಪು ಇಲ್ಲಿ ತಂಗಿ, ಹಡಗನ್ನೇರಿ ಉತ್ತರದೇಶಗಳಿಗೆ ಹೋಗುತ್ತಿತ್ತು. ಚಿತ್ರದಲ್ಲಿ ಪಿಶಾಚವು ಕೊಂಡುಕೊಂಡ ಪಾಳುಮನೆಯೆಂದರೆ ಇವೇ. ಹಗಲಿನಲ್ಲಿ ನೋಡಿದರೂ ಆ ಕಿಟಕಿಗಳ ಸಾಲು ಮನಸ್ಸಿಗೆ ಅಷ್ಟೇನೂ ಹಿತವಾಗಿ ತೋರಲಿಲ್ಲ.

ಲೂಬೆಕಿನಿಂದ ರೈಲುಗಾಡಿಯಲ್ಲಿ ಹೊರಟು, ಬಾಡ್ ಕ್ಲೈನೆನ್ ಎಂಬಲ್ಲಿ ಗಾಡಿ ಬದಲಾಯಿಸಿ, ವಿಸ್ಮಾರನ್ನು ಸೇರಿದೆವು. ಚಿತ್ರದಲ್ಲಿ ಈ ಎರಡು ಪಟ್ಟಣಗಳೂ ಕೂಡಿ ‘ವಿಸ್‌ಬೋರ್ಗ್’ ಎಂಬ ಕಲ್ಪಿತನಗರವಾಗಿವೆ. ವಿಸ್ಮಾರಿನ ಬೀದಿಯಲ್ಲಿ ನಡೆದ ಪಿಶಾಚವು ಕ್ಷಣಮಾತ್ರದಲ್ಲಿ ಲೂಬೆಕಿನ ಉಗ್ರಾಣಗಳ ಮುಂದೆ ದೋಣಿಯಲ್ಲಿ ಕಾಣಿಸಿಕೊಳ್ಳುವುದು. ನಮಗೆ ಆ ದಾರಿಗೆ ಎರಡು ಗಾಡಿಗಳು ಬೇಕಾದುವು!

ಪೇಟೆಯ ಚೌಕದಲ್ಲಿ, ೧೬೦೨ರಲ್ಲಿ ಪೂರ್ತಿಯಾದ, ಹನ್ನೆರಡು ಮುಖಗಳುಳ್ಳ ಜಲಮಂಟಪವಿದೆ. ಬಂದರಿನ ಬಳಿ ಹದಿನೈದನೆಯ ಶತಮಾನದ ಜಲದ್ವಾರವಿದೆ. ಶವಪೆಟ್ಟಿಗೆಯೊಡನೆ ಪಿಶಾಚವು ಊರನ್ನು ಹೊಕ್ಕದ್ದು ಇದರ ಮೂಲಕವೇ. ಚಿತ್ರದ ಆರಂಭದಲ್ಲಿ ಊರು ಕಾಣುವುದು ಸಂತ ಮೇರಿಯ ದೇವಾಲಯದ ಗೋಪುರದ ಎತ್ತರದಿಂದ. ಎಂಬತ್ತು ಮೀಟರು ಎತ್ತರದ ಆ ಗೋಪುರವು ಇಂದಿಗೂ ಇದೆ, ದೇವಾಲಯವಿಲ್ಲ. ೧೯೪೫ರ ಏಪ್ರಿಲಿನಲ್ಲಿ ಬಾಂಬುಗಳಿಂದ ಜರ್ಝರಿತವಾದ ಅದರ ಒಡಲನ್ನು ೧೯೬೦ರಲ್ಲಿ ಸಿಡಿಸಿ ಕೆಡವಿದರು. ಅದೇ ಬಾಂಬುಗಳಿಗೆ ಈಡಾಗಿದ್ದ ಸಂತ ಜಾರ್ಜರ ದೇವಾಲಯವನ್ನಾದರೋ ೧೯೯೦ರಿಂದ ೨೦೧೦ರ ವರೆಗೆ ಇಪ್ಪತ್ತು ವರ್ಷ ದುಡಿದು ಮತ್ತೆ ಎತ್ತಿ ನಿಲ್ಲಿಸಿದರು. ಆ ಗೋಡೆಗಳ ಕೆಳಗೆ ನಿಂತಾಗ, ಈ ಊರಿನಲ್ಲಿ ತೆಗೆದ ಚಿತ್ರಕ್ಕೂ ಇಂಥದೇ ಜೀರ್ಣೋದ್ಧಾರವು ನಡೆಯಿತಲ್ಲವೆ ಎಂದು ನೆನಪಾಯಿತು.

ಆ ಚಿತ್ರದ ನಿರ್ದೇಶಕನು ಮುರ್ನೌ. ಪಿಶಾಚವಾದವನು ಮಾಕ್ಸ್ ಶ್ರೆಕ್. ೧೯೨೨ರ ಮಾರ್ಚ್ ೪ರಂದು ಬರ್ಲಿನ್ನಿನಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು. ಕಥೆಯು ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯಿಂದ ಅಪ್ಪಣೆಯಿಲ್ಲದೆ ತೆಗೆದುದಾದ್ದರಿಂದ ಅವನ ವಿಧವೆಯು ವ್ಯಾಜ್ಯ ಹೂಡಿದಳು. ಪ್ರತಿಗಳನ್ನೆಲ್ಲ ನಾಶಮಾಡತಕ್ಕದ್ದೆಂದು ೧೯೨೫ರಲ್ಲಿ ನ್ಯಾಯಾಲಯವು ವಿಧಿಸಿತು. ಪರದೇಶಗಳಿಗೆ ಹೋಗಿದ್ದ ಪ್ರತಿಗಳು ಮಾತ್ರ ಬದುಕಿಕೊಂಡುವು.

ಬದುಕಿದವಕ್ಕೂ ಆಯುಷ್ಯವು ಅಲ್ಪವೇ. ಆ ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಬೆಂಕಿ ತಗುಲಿದರೆ ಭುಗಿಲೆನ್ನುವುದು, ಸುಮ್ಮನಿಟ್ಟರೂ ಕಾಲಕ್ರಮದಲ್ಲಿ ಅಂಟಾಗಿ, ಕೊನೆಗೆ ಪುಡಿಯಾಗುವುದು. ಆದರೆ ಈ ಚಿತ್ರಕ್ಕೆ ಒದಗಿದ ದೊಡ್ಡ ಹಾನಿ ಬೇರೊಂದು. ಅಂದಿನ ಫಿಲ್ಮಿಗೆ ಇರುಳಿನಲ್ಲಿ ಚಿತ್ರ ಹಿಡಿಯುವ ಶಕ್ತಿಯಿರಲಿಲ್ಲ. ಆದಕಾರಣ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿ ತೆಗೆದು, ಆ ಭಾಗದ ಫಿಲ್ಮನ್ನು ನೀಲಿಯ ಬಣ್ಣದಲ್ಲಿ ಅದ್ದುತ್ತಿದ್ದರು. ದೀಪ ಬೆಳಗುವ ಕೋಣೆಗೆ ಹಳದಿ, ಅರುಣೋದಯಕ್ಕೆ ನಸುಗೆಂಪು. ಮುಂದೆ ಕಪ್ಪುಬಿಳುಪಿನ ಫಿಲ್ಮಿನ ಮೇಲೆ ನಕಲೆತ್ತಿದವರು ಈ ಬಣ್ಣಗಳನ್ನು ಕೈಬಿಟ್ಟರು. ಇದರಿಂದ ರಾತ್ರಿಯೇ ಇಲ್ಲದಂತಾಯಿತು! ಸೂರ್ಯಕಿರಣ ಸೋಕಿದರೆ ಸಾಯುವ ಪಿಶಾಚವು ನಡುಹಗಲಿನಲ್ಲಿ ಜಲದ್ವಾರದ ಮುಂದೆ ನಿರಾತಂಕವಾಗಿ ಸಂಚರಿಸಿದರೆ ನೋಡುವವರಿಗೆ ಭಯವೆಲ್ಲಿಂದ ಹುಟ್ಟೀತು? ಸ್ಟೋಕರನ ಕಾದಂಬರಿಯ ಡ್ರಾಕುಲಾ ಹಗಲಿನಲ್ಲಿಯೂ ತಿರುಗಬಲ್ಲನು. ಬೆಳಕಿನಿಂದ ಮರಣವೆಂಬುದು ಈ ಚಿತ್ರದ ಸ್ವಂತ ಕಲ್ಪನೆ. ಆದ್ದರಿಂದ ಬಣ್ಣವು ಹೋದಾಗ ಕಥೆಯ ಜೀವವೇ ಹೋಯಿತೆನ್ನಬೇಕು. ಭರತಮುನಿಯು ಭಯಾನಕರಸಕ್ಕೆ ಕೃಷ್ಣವರ್ಣವನ್ನು ಹೇಳಿದನು. ಇಲ್ಲಿ ಆ ಕೆಲಸವನ್ನು ನೀಲಿಯು ಮಾಡುತ್ತಿತ್ತು.

೨೦೦೫-೦೬ರಲ್ಲಿ ವೀಸ್‌ಬಾಡೆನ್ನಿನ ಮುರ್ನೌ ಪ್ರತಿಷ್ಠಾನದ ಪರವಾಗಿ ಲುಸಿಯಾನೊ ಬೆರಿಯಾತುವಾ ಎಂಬ ಸ್ಪೇನಿನ ವಿದ್ವಾಂಸನು ಇದರ ಉದ್ಧಾರವನ್ನು ನಡೆಸಿದನು. ಪ್ರಯೋಗಶಾಲೆಯ ಕೆಲಸವು ಇಟಲಿಯ ಬೊಲೊನ್ಯಾ ನಗರದಲ್ಲಿ ಆಯಿತು. ಪ್ಯಾರಿಸಿನ ಚಿತ್ರಭಂಡಾರದಲ್ಲಿದ್ದ, ೧೯೨೨ರ, ಬಣ್ಣ ಅದ್ದಿದ ಪ್ರತಿಯೇ ಮಾತೃಕೆ. ಅದರಲ್ಲಿ ಲೋಪವಾದ ದೃಶ್ಯಗಳನ್ನು ಬೇರೆ ಪ್ರತಿಗಳಿಂದ ತುಂಬಿದರು. ಅದರ ಬರಹದ ಫಲಕಗಳು ಫ್ರೆಂಚ್ ಭಾಷೆಯವಾದ್ದರಿಂದ ಜರ್ಮನ್ ಫಲಕಗಳನ್ನು ಮತ್ತೊಂದು ಪ್ರತಿಯಿಂದ ತಂದರು. ತಾಳೆಯೋಲೆಯ ಗ್ರಂಥಗಳನ್ನು ಒಂದಕ್ಕೊಂದು ಹೋಲಿಸಿ, ಪಾಠಾಂತರಗಳನ್ನು ತೂಗಿ, ಶುದ್ಧಪಾಠವನ್ನು ನಿರ್ಣಯಿಸುವ ಪಂಡಿತರ ಪದ್ಧತಿಯೇ ಇದು. ಎಲ್ಲಿಯೂ ದೊರೆಯದ ಫಲಕಗಳನ್ನು ಹಳೆಯ ಅಕ್ಷರಗಳ ಮಾದರಿಯಲ್ಲಿ ಹೊಸದಾಗಿ ಬರೆದು, ಅವುಗಳ ಮೇಲೆ ಪ್ರತಿಷ್ಠಾನದ ಹೆಸರಿನ ಮೊದಲಕ್ಷರಗಳನ್ನು ಗುರುತಾಗಿ ಇಟ್ಟಿದ್ದಾರೆ. ನಮ್ಮ ಮೆಚ್ಚುಗೆಗೆ ಹೆಚ್ಚಾಗಿ ಪಾತ್ರವಾದುದು ಇದೇ. ತಾನು ಸೇರಿಸಿದ್ದನ್ನು ಮೂಲವೆಂದು ನಂಬಿಸದಿರುವುದೇ ಸಂಪಾದಕನ ಧರ್ಮವಷ್ಟೆ.

ಈ ಶುದ್ಧಪ್ರತಿಯು ೨೦೧೩ರಿಂದ ಬ್ಲೂ-ರೇ ಎಂಬ ತಟ್ಟೆಯಲ್ಲಿ ಗೃಹಸ್ಥರಿಗೂ ದೊರೆಯುತ್ತಿದೆ. ಅದರ ಒಂದೊಂದು ಬಿಂಬವೂ ಇಪ್ಪತ್ತು ಲಕ್ಷಕ್ಕೆ ಮೀರಿದ ಚುಕ್ಕಿಗಳಿಂದಾದುದು. ಆದುದರಿಂದ ಶ್ರೆಕ್ಕನ ಉಗುರುಗಳೂ ವಿಸ್ಮಾರಿನ ಇಟ್ಟಿಗೆಗಳೂ ಮನೆಯ ಪರದೆಯ ಮೇಲೆಯೇ ಬಿಡಿಬಿಡಿಯಾಗಿ ಕಾಣುವುವು. ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಅಗ್ಗಕ್ಕೆ ದೊರೆಯುವ ಬಣ್ಣಗೆಟ್ಟ ಪ್ರತಿಗಳನ್ನು ನೋಡಿ ಈ ಚಿತ್ರವನ್ನು ಅಳೆಯಬೇಡಿರಿ. ರಾತ್ರಿಯಲ್ಲಿ ದೀಪವಾರಿಸಿ ನೋಡಿರಿ. ಪರದೆಯ ಮೇಲೆ ಸಣ್ಣ ಮರಳಿನಂತೆ ಚಲಿಸುವ ಕಣಗಳು ಫಿಲ್ಮಿನ ಸಹಜಗುಣ. ಅವನ್ನು ಕೊಳೆಯೆಂದು ಬಗೆದು ಟೆಲಿವಿಷನ್ನಿನ ನುಣುಪು ಮಾಡುವ ಗುಂಡಿಯನ್ನು ಒತ್ತಿದರೆ ಮುಖಗಳು ಮೇಣದ ಗೊಂಬೆಗಳಾಗುವುವು. ಮೊದಲ ನೋಟದಲ್ಲಿಯೇ ಆ ಗೋಪುರದ ಎತ್ತರದಿಂದ ಊರು ಕಾಣಿಸುವುದು. ಬಾಂಬು ಬೀಳುವುದಕ್ಕೆ ಇಪ್ಪತ್ತನಾಲ್ಕು ವರ್ಷ ಮುಂಚಿನ ವಿಸ್ಮಾರ್ ಅದು. ಪಿಶಾಚವು ಬರುವುದಕ್ಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಆ ಊರನ್ನು ಚೆನ್ನಾಗಿ ನೋಡಿಕೊಳ್ಳಿರಿ.