ಭೋಗಿ ದಿನ ಮುಷ್ಕರ ಹೂಡಿದ ಗೀಸರ್

ನಮ್ಮಂಥ ಬ್ಯಾಂಕಿನವರಿಗೆ ಎರಡನೇ ಶನಿವಾರ ಎಂದರೆ ಎಷ್ಟು ಪ್ರೀತಿ ಅಂತ ನಿಮಗೆ ಗೊತ್ತೇ ಇದೆ. 2023ರ ಜನವರಿ 14 ಎರಡನೇ ಶನಿವಾರವೂ ಹೌದು, ಭೋಗಿಯೂ ಹೌದು. ಮರುದಿನ ಸಂಕ್ರಾಂತಿ. ಧಾರವಾಡದಿಂದ ಅವ್ವ ಪುಣೆಗೆ ಬಂದಿದ್ದಳು. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಎರಕೊಳ್ಳದಿದ್ದರೆ ಆಕೆಗೆ ಭೋಗಿ ಆದಂತೆಯೇ ಅಲ್ಲ. ನನ್ನ ಹೆಂಡತಿ ರಾತ್ರಿಯೇ ಎಳ್ಳು ನೆನೆಹಾಕಿದ್ದಳು.

ಬೆಳಿಗ್ಗೆ ಐದೂವರೆಗೆ ನಳ ತಿರುಗಿಸಿದೆ. ಗೀಸರ್ ಟಿಕ್ ಟಿಕ್ ಟಿಕ್ ಎಂದಿತು. ಹೊತ್ತಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಟಿಕ್ ಟಿಕ್. ಬಾಗಿಲಾಚೆ ಅವ್ವ ಮೈಗೆಲ್ಲ ಎಳ್ಳು ಮೆತ್ತಿಕೊಂಡು ಕೂತಿದ್ದಳು. "ಯಾಕೋ, ನೀರ ಕಾದಿಲ್ಲೇನು?"

ನಮ್ಮದು ಗ್ಯಾಸ್ ಗೀಸರ್. ಹದಿನಾಲ್ಕು ಕೆಜಿ ಚಿಲ್ಲರೆಯ ಅದೇ ಅಡಿಗೆಮನೆ ಸಿಲಿಂಡರಿನಿಂದ ನಡೆಯುವಂಥದ್ದು. ಕರೆಂಟು ಬೇಡ, ಹತ್ತು ನಿಮಿಷ ಕಾಯುವುದು ಬೇಡ, ನಳ ಬಿಟ್ಟ ಕೂಡಲೇ ಬಿಸಿನೀರು. ಈ ಫ್ಲ್ಯಾಟಿಗೆ ಬಂದಾಗಿನಿಂದ ಬಚ್ಚಲ ಗೋಡೆಯ ಮೇಲೇ ಇತ್ತು. ಮೊದಲಿದ್ದವರು ಅಲ್ಲೇ ಕೂರಿಸಿದ್ದರು, ನಾವೂ ಅಲ್ಲೇ ಬಿಟ್ಟೆವು.

ನಾನು ಬಿ.ಕಾಂ. ಓದಿದವನು. ಯಂತ್ರಕ್ಕೂ ನನಗೂ ದೂರದ ನೆಂಟಸ್ತನವೂ ಇಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಂದ ಹುಡುಕಬೇಕು ಎನ್ನುವುದು ಗೊತ್ತು. ಕೈಬರಹದ ಲೆಡ್ಜರ್ ಕಾಲದಲ್ಲಿ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿದ್ದಾರೆ ಅಂತ ಮೊದಲು ಅದನ್ನು ನೋಡುತ್ತಿದ್ದೆವು. ಹಾಗೆ ಇದನ್ನೂ ಹಿಡಿಯೋಣ ಅಂತ ಸ್ಟೂಲ್ ಹಾಕಿಕೊಂಡೆ.

ಈ ಗೀಸರಿನ ಕೆಲಸ ಒಂದರ ಹಿಂದೊಂದು ನಡೆಯುವ ಸರಪಳಿ. ನೀರು ಹರಿದಾಗ ಒಳಗಿನ ರಬ್ಬರಿನ ತೆಳು ಪೊರೆಯನ್ನು ಒತ್ತುತ್ತದೆ. ಪೊರೆ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಗ ಎರಡು ದಪ್ಪ ಸೆಲ್ಲುಗಳಿಂದ ಕಿಡಿ ಹಾರುತ್ತದೆ, ಗ್ಯಾಸಿನ ವಾಲ್ವ್ ತೆರೆದುಕೊಳ್ಳುತ್ತದೆ, ಉರಿ ಹತ್ತುತ್ತದೆ. ಉರಿಯ ನಡುವೆ ಒಂದು ಕಡ್ಡಿ ಇರುತ್ತದೆ. ಉರಿ ಇದೆಯೋ ಇಲ್ಲವೋ ಎಂದು ನೋಡುವ ಪಹರೆಯವನು ಅದು. ಅದಕ್ಕೆ ಉರಿ ತಿಳಿಯದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸು ಬಂದ್.

ಟಿಕ್ ಟಿಕ್ ಕೇಳುತ್ತಿದೆ ಎಂದರೆ ನೀರಿನ ಒತ್ತಡ, ಪೊರೆ, ಸ್ವಿಚ್ಚು ಸರಿಯಿದ್ದಂತೆ. ಸಿಲಿಂಡರ್ ಖಾಲಿಯೇ? ಎತ್ತಿ ನೋಡಿದೆ, ಭಾರವಿತ್ತು. ಅಡಿಗೆಮನೆಯ ರೆಗ್ಯುಲೇಟರ್ ತಂದು ಹಾಕಿದೆ, ಅದೇ ಹಾಡು. ಉಳಿದದ್ದು ಸೆಲ್ಲು. ಕಿಡಿ ಹಾರುತ್ತಿರುವಾಗ ಸೆಲ್ಲು ಹೇಗೆ ಸತ್ತಿರುತ್ತದೆ ಅಂತ ಬಹಳ ಹೊತ್ತು ನಾನು ಅದರ ಗೊಡವೆಗೇ ಹೋಗಿರಲಿಲ್ಲ. ಅಲ್ಲೇ ತಪ್ಪಿದ್ದು. ಸೋತ ಸೆಲ್ಲು ಕಿಡಿ ಹಾರಿಸೀತು, ವಾಲ್ವ್ ಎತ್ತಲು ಅದಕ್ಕೆ ಶಕ್ತಿ ಸಾಲುವುದಿಲ್ಲ. ಮಗಳು ಕೆಳಗಿನ ಅಂಗಡಿ ತೆರೆಸಿ ಹೊಸ ಸೆಲ್ಲು ತಂದಳು. ಹಾಕಿದೆ. ಭಗ್ ಎಂದು ಉರಿ ಹತ್ತಿತು!

"ಹತ್ತಿತು ನೋಡವ್ವಾ" ಎಂದು ಬಾಯಿ ಮುಚ್ಚುವುದರೊಳಗೆ ಆರಿತು. ಹತ್ತುವುದು, ಆರುವುದು. ಮೂರು ಸಲ. ನನ್ನ ಕಾಮರ್ಸ್ ಅಲ್ಲಿಗೆ ಮುಗಿಯಿತು. ಅಡಿಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅವ್ವನಿಗೆ ಎರಕೊಳ್ಳಲು ಕೊಟ್ಟೆವು. ಸಜ್ಜಿ ರೊಟ್ಟಿ, ಎಣಗಾಯಿ ಎಲ್ಲ ತಡವಾಯಿತು.

ಹನ್ನೊಂದರ ಸುಮಾರಿಗೆ ಮೆಕ್ಯಾನಿಕ್ ಬಂದ. ಇಪ್ಪತ್ತೈದರ ಹುಡುಗ. ಮುಚ್ಚಳ ಬಿಚ್ಚಿದ, ಒಳಗೆ ಬೆರಳಾಡಿಸಿ ನನಗೆ ತೋರಿಸಿದ. ಕಪ್ಪಗೆ ಮಸಿ. ಆ ಪಹರೆಯ ಕಡ್ಡಿಗೂ ಮಸಿ ಕಟ್ಟಿ ಅದಕ್ಕೆ ಉರಿಯೇ ತಿಳಿಯುತ್ತಿರಲಿಲ್ಲ. ಕಡ್ಡಿ ಉಜ್ಜಿದರೆ ಐದು ನಿಮಿಷದ ಕೆಲಸ. ಆದರೆ ಅವನು ಉಜ್ಜಲಿಲ್ಲ. ಉರಿ ಹಳದಿಯಾಗಿ ಬರುತ್ತಿತ್ತೇ ಅಂತ ಕೇಳಿದ. ಹೌದು, ವಾರದಿಂದ ಕಿಂಡಿಯಲ್ಲಿ ಹಳದಿ ಕಾಣುತ್ತಿತ್ತು, ನೋಡಿ ಸುಮ್ಮನಿದ್ದೆ. ಅವನು ತಲೆ ಎತ್ತಿ ಕಿಟಕಿ ನೋಡಿದ.

"ಸಾಹೇಬ, ಹೇ ಕೋಣೀ ಲಾವ್ಲಂ?"

ಯಾರು ಹಚ್ಚಿದರು ಇದನ್ನ? ನಾನೇ ಹಚ್ಚಿದ್ದೆ.

ಆ ಜನವರಿಯ ಮೊದಲ ವಾರ ಅವ್ವ, ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳಿಂದ ಥಂಡಿ ಗಾಳಿ ಬರುತ್ತದೆ ಅಂದಿದ್ದಳು. ಆ ಸಂಜೆಯೇ ಮಿಕ್ಸರ್ ಪೆಟ್ಟಿಗೆಯ ರಟ್ಟು ಕತ್ತರಿಸಿ, ಸುತ್ತಲೂ ಟೇಪು ಬಡಿದು, ಒಂದು ಇರುವೆಯೂ ನುಸುಳದಂತೆ ಮುಚ್ಚಿದ್ದೆ. ಅವ್ವನಿಗೆ ಎಷ್ಟು ಹಿಗ್ಗು ಎಂದರೆ ಧಾರವಾಡಕ್ಕೆ ಫೋನ್ ಹಚ್ಚಿ "ನನ್ನ ಮಗ ಭಾಳ ಕಾಳಜಿ ಮಾಡ್ತಾನ" ಅಂತ ಅತ್ತಿಗೆಗೆ ಹೇಳಿದ್ದಳು.

ಅದಾದ ಮೇಲೆಯೇ ಆಕೆಗೆ ಸ್ನಾನ ಮಾಡಿ ಬಂದಾಗ ತಲೆನೋವು ಶುರುವಾದದ್ದು. "ತಲಿ ಗಿಮ್ ಅಂತದ, ವಾಂತಿ ಬಂಧಂಗ ಆಗ್ತದ" ಅಂತ ಮಂಚದ ಮೇಲೆ ಮಲಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತಿತ್ತು. ಬಿ.ಪಿ. ಗುಳಿಗೆ ಜಾಸ್ತಿಯಾಗಿರಬೇಕು ಎಂದೆ ನಾನು. ವಯಸ್ಸು ಎಂದಳು ಹೆಂಡತಿ. ನಮ್ಮಲ್ಲಿ ತಾಳೆಯಾಗದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವಲ್ಲ, ಅವ್ವನ ತಲೆನೋವನ್ನೂ ಹಾಗೇ ಹಾಕಿಬಿಟ್ಟಿದ್ದೆ.

ಗ್ಯಾಸು ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಬೇಕು. ಸಿಕ್ಕರೆ ಉರಿ ನೀಲಿ. ಮುಚ್ಚಿದ ಬಚ್ಚಲಲ್ಲಿ ಗಾಳಿ ತೀರಿದಂತೆ ಉರಿ ಹಳದಿಗೆ ತಿರುಗುತ್ತದೆ, ಮಸಿ ಕಟ್ಟುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ತಿಳಿಯಲಿ ಅಂತ ಗ್ಯಾಸಿಗೆ ನಾರುವ ವಸ್ತು ಬೆರೆಸಿರುತ್ತಾರೆ, ಇದಕ್ಕೆ ಬೆರೆಸುವವರು ಯಾರು? ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದು ಕೂರುತ್ತದೆ, ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ. ಬಚ್ಚಲಲ್ಲೇ ಎಚ್ಚರ ತಪ್ಪಿ ಬಿದ್ದವರನ್ನು, ಫಿಟ್ಸ್ ಬಂದವರನ್ನು ಕಂಡು ಕಂಡು ವೈದ್ಯರು 'ಗ್ಯಾಸ್ ಗೀಸರ್ ಸಿಂಡ್ರೋಮ್' ಅಂತ ಹೆಸರೇ ಇಟ್ಟಿದ್ದಾರೆ. ಒಳಗೆ ಚಿಲಕ ಹಾಕಿಕೊಂಡವರು ಬಿದ್ದದ್ದು ಹೊರಗಿನವರಿಗೆ ತಿಳಿಯುವುದೂ ತಡವೇ. ಅವ್ವ ಚಿಲಕ ಹಾಕದೆ ಸ್ನಾನ ಮಾಡಿದವಳೇ ಅಲ್ಲ.

ಊರಿನ ಬಚ್ಚಲು ನೆನಪಾಯಿತು. ಹಂಡೆ, ಒಲೆಗೆ ತುರುಕಿದ ಕಟ್ಟಿಗೆ, ಹೊಗೆ. ಕಣ್ಣುರಿದು ಕೆಮ್ಮುತ್ತ ಹೊರಗೆ ಓಡುತ್ತಿದ್ದೆವು. ಹೊಗೆಯನ್ನು ಎಷ್ಟು ಬೈದಿದ್ದೇವೋ... ಅದು ನಮ್ಮನ್ನು ಹೊರಗಟ್ಟುತ್ತಿತ್ತು ಅಂತ ಆಗ ಹೊಳೆದಿರಲಿಲ್ಲ.

ಸಂಜೆ ಅವ್ವನನ್ನು ಡಾಕ್ಟರ ಬಳಿ ಕರೆದೊಯ್ದೆ. ಎಲ್ಲ ಕೇಳಿ ಅವರು, ಮನೆಯಲ್ಲಿ ಬೇರೆ ಯಾರಿಗಾದರೂ ತಲೆನೋವಿದೆಯೇ ಎಂದರು. ಭಾನುವಾರ ತಲೆಗೆ ಹಾಕಿಕೊಂಡ ದಿನ ಮಗಳೂ ತಲೆನೋವು ಅಂದದ್ದು ಆಗ ನೆನಪಾಯಿತು. ಒಳ್ಳೆಯ ಗಾಳಿಗೆ ಬಂದರೆ ನಾಲ್ಕೈದು ತಾಸಿನಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯುತ್ತದಂತೆ. ಅವ್ವ ಮಧ್ಯಾಹ್ನಕ್ಕೆ ಚೇತರಿಸಿಕೊಳ್ಳುತ್ತಿದ್ದುದು ಯಾಕೆ ಎಂದು ಈಗ ತಿಳಿಯಿತು. ಡಾಕ್ಟರು ಗುಳಿಗೆ ಬದಲಿಸಲಿಲ್ಲ. ಕಿಟಕಿ ತೆರೆದಿಡಿ ಎಂದರು, ಅಷ್ಟೇ.

ಮೆಕ್ಯಾನಿಕ್ ಹುಡುಗ ಗೀಸರನ್ನು ಅಲ್ಲಿ ಮತ್ತೆ ಕೂರಿಸಲು ಒಪ್ಪಲೇ ಇಲ್ಲ. ಸೋಮವಾರ ಬಂದು ಬಟ್ಟೆ ಒಣಗಿಸುವ ಬಾಲ್ಕನಿಗೆ ಸಾಗಿಸಿದ, ಅಲ್ಲಿಂದ ಬಚ್ಚಲಿಗೆ ಪೈಪು ಎಳೆದ. ಬಿಸಿನೀರು ಬರಲು ಈಗ ಅರ್ಧ ಬಕೆಟ್ ತಣ್ಣೀರು ಹೋಗುತ್ತದೆ ಎಂದು ನನ್ನ ಹೆಂಡತಿಯ ತಕರಾರು. ಗೀಸರ್ ಇನ್ನೂ ಬಚ್ಚಲೊಳಗೇ ಇರುವವರು, ಈ ಪುಟ ಮುಚ್ಚಿ ಹೋಗಿ ಒಮ್ಮೆ ಕಿಂಡಿಯಲ್ಲಿ ಉರಿಯ ಬಣ್ಣ ನೋಡಿ, ಕಿಟಕಿ ನೋಡಿ. ಆಮೇಲೆ ಕಾಮೆಂಟ್ ಬರೆಯುವಿರಂತೆ.

ಅವ್ವನಿಗೆ ಮಾತ್ರ ನಿಜ ಹೇಳಲಾಗಲಿಲ್ಲ. ಗೀಸರ್ ಹಳೇದಾಗಿತ್ತು ಎಂದೆ. ಫೆಬ್ರವರಿಯಲ್ಲಿ ಊರಿಗೆ ಹೋದಳು. ಮುಂದಿನ ಚಳಿಗಾಲ ಮತ್ತೆ ಬಂದಾಗ ಬಚ್ಚಲಿಂದಲೇ ಕೂಗಿದಳು.

"ಈ ಸಲ ರಟ್ಟು ಹಚ್ಚಲಿಲ್ಲೇನೋ?"

"ಇಲ್ಲವ್ವಾ."

"ಹೋಗ್ಲಿ ಬಿಡು. ನೀರ ಬಿಸಿ ಅದಾವಲ್ಲ."